ಎರಡು ಗಂಟೆಯ ಪಾಸ್, ಐದು ದಿನದ ಸರ್ಟಿಫಿಕೇಟ್: ಗೌರಿಬಿದನೂರಿನ ಗಾರ್ಮೆಂಟ್ಸ್ ಘಟಕವೊಂದರ ಪ್ರಕರಣ

ಗೌರಿಬಿದನೂರಿನ ಕೈಗಾರಿಕಾ ಪ್ರದೇಶದ ಒಂದು ಗಾರ್ಮೆಂಟ್ಸ್ ಘಟಕ. ಒಟ್ಟು ಎಂಟು ಹೊಲಿಗೆ ಲೈನು. ಕಟಿಂಗ್, ಫಿನಿಶಿಂಗ್ ಸೇರಿಸಿಕೊಂಡರೆ 600ರ ಹತ್ತಿರ ಜನ, ಹೆಚ್ಚಿನವರು ಹೆಂಗಸರು. ನಾಲ್ಕನೇ ಲೈನೂ ಏಳನೇ ಲೈನೂ ಹೊಲಿಯುವುದು ಒಂದೇ ಮಾಲು: ಗಂಡಸರ ತುಂಬುತೋಳಿನ ಶರ್ಟು. ಒಂದೊಂದರಲ್ಲೂ 42 ಟೈಲರ್‌ಗಳು, 8 ಹೆಲ್ಪರ್‌ಗಳು, 4 ಚೆಕರ್‌ಗಳು, 2 ಇಸ್ತ್ರಿಯವರು, ಒಟ್ಟು 56 ಜನ. ಕೂಲಿ ಒಂದೇ, ಕ್ಯಾಂಟೀನು ಒಂದೇ, ತಲೆ ಮೇಲಿನ ಶೀಟೂ ಒಂದೇ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ 156 ಕೆಲಸದ ದಿನಗಳಲ್ಲಿ ಕಾಯಿಲೆಯ ಹೆಸರಿನಲ್ಲಿ ನಾಲ್ಕನೇ ಲೈನು 616 ಮಾನವ ದಿನ ಕಳೆದುಕೊಂಡಿತು, ಏಳನೆಯದು 271.

ಈ ಘಟಕ ಯಾವುದೋ ಒಂದು ಕಾರ್ಖಾನೆಯದಲ್ಲ. ಗಾರ್ಮೆಂಟ್ಸ್‌ಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೆಡೆ ಸೇರಿಸಿ ಕಟ್ಟಿದ ಮಾದರಿ ಪ್ರಕರಣ. ಘಟಕದ ಅಂಕಿಗಳೆಲ್ಲ ಲೆಕ್ಕ ಹಾಕುವ ಬಗೆ ತೋರಿಸಲು ಇಟ್ಟವು. ಇಎಸ್‌ಐ (ನೌಕರರ ರಾಜ್ಯ ವಿಮೆ) ನಿಯಮಗಳು ಮತ್ತು ಹೊರದೇಶದ ಅಧ್ಯಯನಗಳು ಮಾತ್ರ ಇದ್ದದ್ದು ಇದ್ದ ಹಾಗಿವೆ.

ಊರು, ಬಸ್ಸು, ಹೊಲ

ಗೈರುಹಾಜರಿ ಜಾಸ್ತಿಯಾದಾಗ ಆಫೀಸಿನಲ್ಲಿ ಮೊದಲು ಹೊರಡುವ ಮಾತು ಗೊತ್ತೇ ಇದೆ: "ಹಳ್ಳಿಯೋರು, ಹಬ್ಬ ಬಂದ್ರೆ ಬರಲ್ಲ, ಕಟಾವು ಬಂದ್ರೆ ಬರಲ್ಲ." ಇದನ್ನು ತಳ್ಳಿಹಾಕುವ ಮೊದಲು ಪರೀಕ್ಷಿಸಲೇಬೇಕು, ಯಾಕೆಂದರೆ ಕೆಲವು ಕಡೆ ಅದು ನಿಜವೂ ಹೌದು. ಇಲ್ಲಿ ಎರಡೂ ಲೈನಿಗೆ ಮಂಚೇನಹಳ್ಳಿ, ತೊಂಡೇಬಾವಿ ಕಡೆಯವರು ಬರುತ್ತಾರೆ, ಗಡಿಯಾಚೆ ಹಿಂದೂಪುರದ ಕಡೆಯಿಂದ ವ್ಯಾನಿನಲ್ಲಿ ಬರುವವರೂ ಇದ್ದಾರೆ. ಸರಾಸರಿ ವಯಸ್ಸು ಒಂದರಲ್ಲಿ 31, ಇನ್ನೊಂದರಲ್ಲಿ 32. ಐದು ವರ್ಷದೊಳಗಿನ ಮಕ್ಕಳಿರುವವರು ಹೆಚ್ಚುಕಮ್ಮಿ ಸಮ. ಏಪ್ರಿಲ್‌ನಿಂದ ಸೆಪ್ಟೆಂಬರ್ ಎಂದರೆ ರಾಗಿ ಕೊಯ್ಲೂ ಅಲ್ಲ.

ಒಂದೇ ಒಂದು ವ್ಯತ್ಯಾಸ ಸಿಕ್ಕಿದ್ದು ಬಿಸಿ. ನಾಲ್ಕನೇ ಲೈನು ಸ್ಟೀಮ್ ಇಸ್ತ್ರಿಯ ಟೇಬಲ್ಲುಗಳ ಪಕ್ಕದಲ್ಲಿದೆ, ಮಧ್ಯಾಹ್ನ ಅಲ್ಲಿ ಥರ್ಮಾಮೀಟರ್ ಎರಡು ಡಿಗ್ರಿ ಮೇಲೆ ತೋರಿಸುತ್ತದೆ. ಆದರೆ ಆ ಟೇಬಲ್ಲುಗಳ ಇನ್ನೊಂದು ಮಗ್ಗುಲಿಗಿರುವ ಮೂರನೇ ಲೈನಿಗೂ ಅದೇ ಬಿಸಿ, ಅಲ್ಲಿನ ಗೈರು ಶೇ 3.9, ನಾಲ್ಕನೆಯದರಲ್ಲಿ ಶೇ 7.05. ಬಿಸಿಯನ್ನು ಸರಿಪಡಿಸಬೇಕಾದ್ದು ನಿಜ, ಅದಕ್ಕೆ ಬೇರೆ ಕಾರಣಗಳಿವೆ. ಈ ಒಗಟನ್ನು ಮಾತ್ರ ಅದು ಬಿಡಿಸುವುದಿಲ್ಲ.

ಮಸ್ಟರ್ ರೋಲ್ ಓದುವ ಬಗೆ

ಗೈರಿನ ದರ ಕಂಡುಹಿಡಿಯುವುದು ಸುಲಭ. 56 ಜನರನ್ನು 156 ದಿನದಿಂದ ಗುಣಿಸಿದರೆ 8,736 ಮಾನವ ದಿನ. ನಾಲ್ಕನೇ ಲೈನಿನ 616ನ್ನು ಅದರಿಂದ ಭಾಗಿಸಿದರೆ ಶೇ 7.05, ಏಳನೇ ಲೈನಿನ 271ಕ್ಕೆ ಶೇ 3.10. ಕಷ್ಟವಿರುವುದು ಯಾವುದನ್ನು ಕಾಯಿಲೆಯ ಲೆಕ್ಕಕ್ಕೆ ಹಾಕಬೇಕು ಎನ್ನುವುದರಲ್ಲಿ. ಹೆರಿಗೆ ರಜೆ, ಕೆಲಸದಲ್ಲಾದ ಗಾಯ ಇವನ್ನು ಹೊರಗಿಡಬೇಕು. ಮಸ್ಟರ್‌ನಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿ, ಬರೀ 'ಎ' (ಗೈರು) ಎಂದಿರುವುದನ್ನು ಹಾಗೇ ಬಿಡಬಾರದು. ಏಳನೇ ಲೈನಿನ ಸೂಪರ್‌ವೈಸರಮ್ಮ ಕಾರಣ ಕೇಳಿ ಬರೆಸುತ್ತಾಳೆ, ನಾಲ್ಕನೆಯವನು 'ಎ' ಹಾಕಿ ಮುಂದೆ ಹೋಗುತ್ತಾನೆ. ಹೀಗಾಗಿ ಮಸ್ಟರೊಂದನ್ನೇ ನಂಬಿದರೆ ಒಳ್ಳೆಯ ಲೈನಿನಲ್ಲೇ ಕಾಯಿಲೆ ಜಾಸ್ತಿ ಕಾಣುತ್ತದೆ. ಮಸ್ಟರ್, ಇಎಸ್‌ಐ ಸರ್ಟಿಫಿಕೇಟಿನ ಫೈಲು, ಕಾರ್ಖಾನೆಯ ನರ್ಸ್ ಇಡುವ ರಿಜಿಸ್ಟರು, ಕೆಲಸದ ನಡುವೆ ಹೊರಗೆ ಹೋಗುವವರದ್ದನ್ನು ಗೇಟಿನಲ್ಲಿ ಸೆಕ್ಯುರಿಟಿಯವರು ಬರೆಯುವ ಪಾಸ್ ಪುಸ್ತಕ, ಈ ನಾಲ್ಕನ್ನೂ ಒಬ್ಬೊಬ್ಬರ ಟೋಕನ್ ನಂಬರಿನ ಪ್ರಕಾರ ಒಂದು ಹಾಳೆಗೆ ತಂದಾಗಲೇ ಮೇಲಿನ ಸಂಖ್ಯೆ ಬಂದದ್ದು.

ದರ ಕಂಡುಕೊಂಡು ನಿಲ್ಲಿಸುವವರೇ ಹೆಚ್ಚು. ಅಲ್ಲಿ ನಿಂತರೆ ಈ ಪ್ರಕರಣದ ತಿರುಳು ತಪ್ಪಿಹೋಗುತ್ತದೆ. ದಿನಗಳ ಜೊತೆಗೆ ಎಷ್ಟು ಸಲ ಗೈರಾದರು ಎಂಬುದನ್ನೂ ಎಣಿಸಬೇಕು. ನಾಲ್ಕನೇ ಲೈನಿನಲ್ಲಿ 148 ಸಲ, ಏಳನೆಯದರಲ್ಲಿ 129 ಸಲ. ಅಂಥ ದೊಡ್ಡ ಅಂತರವೇನಲ್ಲ. ಆದರೆ ಒಂದು ಸಲ ಮನೆಯಲ್ಲಿ ಕೂತರೆ ನಾಲ್ಕನೇ ಲೈನಿನವಳು ಸರಾಸರಿ 4.16 ದಿನ ಬರುವುದಿಲ್ಲ, ಏಳನೇ ಲೈನಿನವಳು 2.10 ದಿನಕ್ಕೆ ವಾಪಸಾಗುತ್ತಾಳೆ. ಒಡೆದು ನೋಡಿದರೆ ಇನ್ನೂ ಸ್ಪಷ್ಟ. ನಾಲ್ಕರಲ್ಲಿ ಒಂದೆರಡು ದಿನದ ಗೈರು 41 ಸಲ, ಮೂರರಿಂದ ಏಳು ದಿನದ್ದು 96 ಸಲ, ಏಳು ದಾಟಿದ್ದು 11. ಏಳನೇ ಲೈನಿನಲ್ಲಿ ಅದೇ ಕ್ರಮದಲ್ಲಿ 98, 27, 4.

ಅಂದರೆ ಎರಡೂ ಕಡೆ ಹೆಂಗಸರು ಕಾಯಿಲೆ ಬೀಳುವುದು ಸುಮಾರು ಅಷ್ಟಷ್ಟೇ ಸಲ. ವ್ಯತ್ಯಾಸವಿರುವುದು ಯಾವಾಗ ತಿರುಗಿ ಬರುತ್ತಾರೆ ಎನ್ನುವುದರಲ್ಲಿ. ಲೈನ್ ನಡೆಸುವವರ ಗುಣ ಕಾಯಿಲೆಯ ಸಂಖ್ಯೆಗಿಂತ ಅದರ ಉದ್ದದಲ್ಲಿ ಮೊದಲು ಕಾಣಿಸಿಕೊಂಡಿತು.

ಆಫೀಸು ಮೊದಲು ಕೊಟ್ಟ ಮದ್ದು

ಇದನ್ನು ಗಮನಿಸುವ ಮೊದಲೇ ಎಚ್‌ಆರ್ ವಿಭಾಗ ಬ್ರಾಡ್‌ಫರ್ಡ್ ಸೂತ್ರ ತಂದಿತ್ತು. ಗೈರಾದ ಸಲಗಳ ವರ್ಗವನ್ನು ಒಟ್ಟು ಗೈರಿನ ದಿನಗಳಿಂದ ಗುಣಿಸುವುದು, ಅಂಕ ಒಂದು ಮಿತಿ ದಾಟಿದರೆ ಎಚ್ಚರಿಕೆ ಪತ್ರ ಕೊಡುವುದು. ಆಗಾಗ ಒಂದೊಂದು ದಿನ ಕೈಕೊಡುವವರಿಂದ ಕೆಲಸ ಹೆಚ್ಚು ಕೆಡುತ್ತದೆ ಎಂಬ ನಂಬಿಕೆ ಅದರ ಬೆನ್ನೆಲುಬು.

ಇಲ್ಲಿ ಆದದ್ದು ನೋಡಿ. ಏಳನೇ ಲೈನಿನ ಒಬ್ಬಳು ಆರು ತಿಂಗಳಲ್ಲಿ ನಾಲ್ಕು ಸಲ ಒಂದೊಂದು ದಿನ ಬಂದಿಲ್ಲ: 4 × 4 × 4, ಅಂಕ 64. ನಾಲ್ಕನೇ ಲೈನಿನವಳು ಎರಡು ಸಲಕ್ಕೆ ಒಟ್ಟು ಒಂಬತ್ತು ದಿನ ಬಂದಿಲ್ಲ: 2 × 2 × 9, ಅಂಕ 36. ನಾಲ್ಕು ದಿನ ತಪ್ಪಿಸಿದವಳಿಗೆ ಪತ್ರ ಹೋಯಿತು, ಒಂಬತ್ತು ದಿನ ತಪ್ಪಿಸಿದವಳಿಗೆ ಹೋಗಲಿಲ್ಲ. ಪತ್ರ ಹೆಚ್ಚು ಹೋದದ್ದು ಏಳನೇ ಲೈನಿಗೆ. ಅದನ್ನು ಕಂಡ ಹೆಂಗಸರು ಬೇಗ ಕಲಿತದ್ದು ಒಂದೇ ಪಾಠ: ರಜೆ ಹಾಕಿದರೆ ಉದ್ದ ಹಾಕಬೇಕು. ಸರ್ಟಿಫಿಕೇಟ್ ಇರುವ ಕಾಯಿಲೆಯ ಅವಧಿಯಲ್ಲಿ ನೌಕರರನ್ನು ಶಿಕ್ಷಿಸದಂತೆ ತಡೆಯಲೆಂದೇ 1948ರ ಇಎಸ್‌ಐ ಕಾಯ್ದೆಯಲ್ಲಿ 73ನೇ ಕಲಂ ಬರೆದದ್ದು. ಅದನ್ನು ಯಾರೋ ನೆನಪಿಸಿದ ಮೇಲೆ ಪತ್ರಗಳು ನಿಂತವು. ಈ ಸೂತ್ರವನ್ನು ಗಾರ್ಮೆಂಟ್ಸ್ ಫ್ಲೋರಿಗೆ ತರುವುದೇ ಬೇಡ ಎನ್ನುವುದು ನಮ್ಮ ಅಭಿಪ್ರಾಯ.

ಫ್ಲೋರಿನಲ್ಲಿ ಕಂಡದ್ದು

ಗೇಟಿನ ಪುಸ್ತಕದ ಪ್ರಕಾರ ಆ ಆರು ತಿಂಗಳಲ್ಲಿ ನಾಲ್ಕನೇ ಲೈನಿನಿಂದ ಹೊರಗೆ ಹೋದ ಪಾಸ್ 19, ಏಳನೇ ಲೈನಿನಿಂದ 167. ಕೇಳಿದವರೆಷ್ಟು, ಇಲ್ಲ ಎನ್ನಿಸಿಕೊಂಡವರೆಷ್ಟು ಎಂಬುದು ಎಲ್ಲೂ ಇಲ್ಲ. ಕೊಟ್ಟ ಪಾಸಿಗೆ ಪುಸ್ತಕವಿದೆ, ಕೊಡದ ಪಾಸಿಗೆ ಪುಸ್ತಕವಿಲ್ಲ.

ಬೆಳಗ್ಗೆ ಹನ್ನೊಂದೂ ಇಪ್ಪತ್ತು. ನಾಲ್ಕನೇ ಲೈನಿನಲ್ಲಿ ಕಾಲರ್ ಕೂರಿಸುವ ಟೈಲರ್ ಮೆಷಿನ್ ನಿಲ್ಲಿಸಿ ಎದ್ದು ಬರುತ್ತಾಳೆ. "ಸಾರ್, ಮಗೂಗೆ ಜ್ವರ ಅಂತ ನಮ್ಮತ್ತೆ ಫೋನ್ ಮಾಡವ್ರೆ. ಎರಡು ಗಂಟೆ ಪಾಸ್ ಕೊಡಿ ಸಾರ್, ತೋರ್ಸ್ಕೊಂಡು ಬಂದ್ಬಿಡ್ತೀನಿ." ಸೂಪರ್‌ವೈಸರ್ ಬೋರ್ಡಿನ ಕಡೆ ನೋಡುತ್ತಾನೆ. ಹತ್ತರಿಂದ ಹನ್ನೊಂದರ ಗಂಟೆಯಲ್ಲಿ 63 ಶರ್ಟು ಬರಬೇಕಾದ ಕಡೆ 51 ಬಂದಿದೆ. "ಇವತ್ತು ಶಿಪ್‌ಮೆಂಟ್ ಇದೆ ಕಣಮ್ಮ, ನಾಳೆ ನೋಡಣ. ನಿಮ್ಮತ್ತೇನೇ ಕರ್ಕೊಂಡು ಹೋಗ್ಲಿ." ಅವಳು ಕೂರುತ್ತಾಳೆ. ಸಂಜೆವರೆಗೂ ಹೊಲಿಯುತ್ತಾಳೆ. ಮಾರನೇ ದಿನ ಬರುವುದಿಲ್ಲ. ಮೂರನೇ ದಿನ ಫೋನು ಸ್ವಿಚ್ ಆಫ್. ಆರನೇ ದಿನ ಬರುವಾಗ ಕೈಯಲ್ಲಿ ಐದು ದಿನದ ಸರ್ಟಿಫಿಕೇಟು, ಅದರಲ್ಲಿ ಬರೆದಿರುವುದು ಅವಳ ಸೊಂಟನೋವು. ಸುಳ್ಳು ಎನ್ನಲಾಗದು, ಹತ್ತು ವರ್ಷ ಮೆಷಿನ್ ಮೇಲೆ ಬಗ್ಗಿದವರ ಸೊಂಟ ನೋಯದೆ ಇರುವುದಿಲ್ಲ. ಮಗುವಿನ ಜ್ವರಕ್ಕೆ ರಜೆ ಎಂಬ ಕಾಲಂ ಇಲ್ಲದ್ದರಿಂದ ರಿಜಿಸ್ಟರಿನ ಕಾಯಿಲೆಯೇ ಬೇರೆ, ಮನೆಯ ಕಾಯಿಲೆಯೇ ಬೇರೆ.

ಏಳನೇ ಲೈನಿನಲ್ಲಿ ಇದೇ ಮಾತು ಬಂದರೆ ಉತ್ತರ ಹೀಗೆ: "ಹೋಗ್ಬಾರಮ್ಮ. ಎರಡೂವರೆಗೆ ಸೀಟಲ್ಲಿರ್ಬೇಕು, ಆಯ್ತಾ?" ಹಿಂದೂಪುರದ ಕಡೆಯವಳಾದರೆ ತೆಲುಗಿನಲ್ಲೇ ಹೇಳುತ್ತಾಳೆ. ಎರಡೂವರೆಗೆ ಬರದವರೂ ಇದ್ದಾರೆ, ಆದರೆ ಅಂಥವರಿಗೆ ಮುಂದಿನ ಸಲ ಪಾಸಿಲ್ಲ, ಅದನ್ನು ಮುಖಕ್ಕೇ ಹೇಳುತ್ತಾಳೆ. ಮೆತ್ತಗಿನ ಸೂಪರ್‌ವೈಸರ್ ಎಂದು ಅವಳನ್ನು ಯಾರೂ ಅನ್ನುವುದಿಲ್ಲ. ಅಕ್ಕ ಎಲ್ಲರಿಗೂ ಒಂದೇ ಅಳತೆ ಹಿಡಿಯುತ್ತಾಳೆ, ಅಷ್ಟೇ. ಫಿನ್ಲೆಂಡ್‌ನಲ್ಲಿ 4,000ಕ್ಕೂ ಹೆಚ್ಚು ಆಸ್ಪತ್ರೆ ಸಿಬ್ಬಂದಿಯ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ಅಳೆದಿತ್ತು: ತೀರ್ಮಾನಗಳು ನ್ಯಾಯವಾಗಿವೆ, ಮೇಲಿನವರು ಮರ್ಯಾದೆಯಿಂದ ನಡೆಸಿಕೊಳ್ಳುತ್ತಾರೆ ಎಂದು ಅನಿಸದ ಕಡೆ ಕಾಯಿಲೆಯ ಗೈರು ಹೆಚ್ಚು.

ಎರಡನೇ ಸಂಗತಿ ಟಾಯ್ಲೆಟ್ ಟೋಕನ್. ನಾಲ್ಕನೇ ಲೈನಿಗೆ ಒಂದು ಲ್ಯಾಮಿನೇಟ್ ಮಾಡಿದ ಕಾರ್ಡು. ಅದು ಸೂಪರ್‌ವೈಸರ್ ಮೇಜಿನ ಮೊಳೆಯಲ್ಲಿ ನೇತಾಡುತ್ತಿದ್ದರೆ ಮಾತ್ರ ಎದ್ದು ಹೋಗಬಹುದು. ಹೋಗಿ ಬರಲು ಎಂಟು ನಿಮಿಷ ಹಿಡಿದರೆ 480 ನಿಮಿಷದ ದಿನದಲ್ಲಿ ಕಾರ್ಡು 60 ಸಲ ತಿರುಗುತ್ತದೆ. ಜನ 56. ತಲೆಗೆ ದಿನಕ್ಕೆ ಒಂದು ಸಲ. ಹಾಗಾಗಿ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಬಾಟಲಿಗಳು ಸಂಜೆವರೆಗೂ ಮುಕ್ಕಾಲು ತುಂಬಿಯೇ ಇರುತ್ತಿದ್ದವು. ನರ್ಸ್ ರಿಜಿಸ್ಟರಿನಲ್ಲಿ ಆ ಲೈನಿನ ಹೆಸರುಗಳ ಮುಂದೆ ಉರಿಮೂತ್ರ, ತಲೆಸುತ್ತು, ತಲೆನೋವು ಪುಟಪುಟಕ್ಕೂ ಇದ್ದವು. ನೀರು ಕಡಿಮೆ ಕುಡಿದು ಮೂತ್ರ ಕಟ್ಟಿಕೊಂಡು ಕೂತರೆ ಸೋಂಕಾಗುವುದು ಸಹಜ, ಬಿಸಿಯಲ್ಲಂತೂ ಇನ್ನೂ ಬೇಗ. ನಾಯಕತ್ವದ ಗುಣ ದೇಹದೊಳಗೆ ಇಳಿಯುವ ದಾರಿ ಎಷ್ಟೋ ಸಲ ಇಷ್ಟು ನೇರವಾಗಿರುತ್ತದೆ. ಮುಟ್ಟಿನ ದಿನಗಳ ಮಾತೂ ಇದಕ್ಕೇ ಸೇರುತ್ತದೆ. ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆಯ ನೀತಿಗೆ ಒಪ್ಪಿಗೆ ಕೊಟ್ಟಿತು. ರಜೆ ಕಾಗದದಲ್ಲಿದ್ದರೂ 29 ವರ್ಷದ ಗಂಡಸು ಸೂಪರ್‌ವೈಸರ್ ಮುಂದೆ ನಿಂತು ಅದನ್ನು ಕೇಳಬೇಕಾದವಳು ಸೊಂಟನೋವು ಎಂದೇ ಬರೆಸುತ್ತಾಳೆ.

ಮೂರನೇ ದಿನ ಅಗ್ಗ

ಉದ್ದದ ಗೈರಿಗೆ ಮನಸ್ತಾಪವೊಂದೇ ಕಾರಣವಲ್ಲ. ದುಡ್ಡಿನ ಲೆಕ್ಕವೂ ಅದೇ ಕಡೆಗೆ ತಳ್ಳುತ್ತದೆ.

ದಿನದ ಕೂಲಿ 450 ರೂಪಾಯಿ, ತಿಂಗಳ ಅಟೆಂಡೆನ್ಸ್ ಬೋನಸ್ 500 ಎಂದಿಟ್ಟುಕೊಳ್ಳಿ. ತಿಂಗಳಲ್ಲಿ ಒಂದು ದಿನ ತಪ್ಪಿದರೂ ಬೋನಸ್ ಪೂರ್ತಿ ಹೋಗುತ್ತದೆ. ತಿಂಗಳ ಸಂಬಳ 21,000 ರೂಪಾಯಿಯೊಳಗಿರುವವರು ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಇದ್ದರೆ, ಅದಕ್ಕೆ ಹೊಂದುವ ಅವಧಿಯಲ್ಲಿ ಕಾಯಿಲೆ ಭತ್ಯೆಯಾಗಿ ಸರಾಸರಿ ದಿನಗೂಲಿಯ ಶೇ 70 ಸಿಗುತ್ತದೆ, ವರ್ಷಕ್ಕೆ ಹೆಚ್ಚೆಂದರೆ 91 ದಿನ. ಆದರೆ ಕಾಯಿಲೆಯ ಮೊದಲ ಎರಡು ದಿನಕ್ಕೆ ಭತ್ಯೆ ಇಲ್ಲ. ಹಿಂದಿನ ಕಾಯಿಲೆ ಮುಗಿದ 15 ದಿನದೊಳಗೆ ಮತ್ತೆ ಮಲಗಿದರೆ ಮಾತ್ರ ಈ ಕಡಿತ ಇರುವುದಿಲ್ಲ.

ಈಗ ಕೂಡಿಸಿ. ಮೊದಲ ದಿನದ ನಷ್ಟ 450 ಕೂಲಿ, 500 ಬೋನಸ್, ಒಟ್ಟು 950. ಎರಡನೇ ದಿನದ್ದು 450. ಮೂರನೇ ದಿನದಿಂದ ಇಎಸ್‌ಐ 315 ಕೊಡುವುದರಿಂದ ನಷ್ಟ ಬರೀ 135. ಐದು ದಿನಕ್ಕೆ ಒಟ್ಟು 1,805 ಕಳೆದುಕೊಳ್ಳುತ್ತಾಳೆ, ಅದರಲ್ಲಿ 1,400 ಮೊದಲೆರಡು ದಿನಕ್ಕೇ ಹೋಗಿಬಿಟ್ಟಿದೆ. ಹೋದದ್ದು ಹೋಯಿತು, ಇನ್ನು ಬೇಗ ಬಂದು ಮಾಡುವುದೇನು? ಮಗು ಸುಧಾರಿಸಿಕೊಳ್ಳಲಿ, ಹೊಲದ ಕಳೆಯೂ ಆಗಲಿ. ಎರಡು ಗಂಟೆಯ ಪಾಸ್ ಸಿಕ್ಕಿದ್ದರೆ ಈ ಲೆಕ್ಕಕ್ಕೆ ಅವಳು ಇಳಿಯುತ್ತಲೇ ಇರಲಿಲ್ಲ.

ಮೇಲೆ ಇನ್ನೊಂದು ನಿಯಮ ಕೂತಿತ್ತು: ಒಂದು ದಿನ ಕಾಯಿಲೆಯೆಂದು ಬರದಿದ್ದರೂ ಫಿಟ್‌ನೆಸ್ ಸರ್ಟಿಫಿಕೇಟ್ ತಂದರಷ್ಟೇ ಗೇಟಿನೊಳಗೆ ಬಿಡುವುದು. ಅದಕ್ಕೆ ಮತ್ತೆ ಚಿಕಿತ್ಸಾಲಯ, ಮತ್ತೆ ಸಾಲು, ಒಂದು ಬೆಳಗ್ಗೆ ಪೂರ್ತಿ. ಬಾಗಿಲು ಮುಟ್ಟುವಷ್ಟರಲ್ಲಿ ಹನ್ನೆರಡಾದರೆ ಆ ದಿನವೂ ಗೈರು. ಏಳನೇ ಲೈನಿನ ಸೂಪರ್‌ವೈಸರ್ ಗೇಟಿಗೆ ಫೋನ್ ಮಾಡಿ ತನ್ನವರನ್ನು ಒಳಗೆ ಕರೆಸಿಕೊಳ್ಳುತ್ತಿದ್ದಳು, ಅದು ನಿಯಮಕ್ಕೆ ವಿರುದ್ಧವಾಗಿತ್ತು. ನಾಲ್ಕನೆಯವನು ನಿಯಮ ಪಾಲಿಸುತ್ತಿದ್ದ.

ಅವನು ಯಾಕೆ ಇಲ್ಲ ಅನ್ನುತ್ತಾನೆ

ನಾಲ್ಕನೇ ಲೈನಿನ ಸೂಪರ್‌ವೈಸರ್‌ನನ್ನು ಕೆಟ್ಟವನೆಂದು ಬರೆದು ಮುಗಿಸಿದರೆ ಮುಂದಿನ ಸೂಪರ್‌ವೈಸರೂ ಅದನ್ನೇ ಮಾಡುತ್ತಾನೆ. ಅವನು ಒಳ್ಳೆಯ ಟೈಲರ್ ಆಗಿದ್ದವನು, ಹನ್ನೊಂದು ತಿಂಗಳ ಹಿಂದೆ ಬಡ್ತಿ ಸಿಕ್ಕಿತು, ತರಬೇತಿ ಎಂದು ಕೊಟ್ಟದ್ದು ಬೋರ್ಡ್ ತುಂಬುವುದನ್ನು ಕಲಿಸಿದ ಅರ್ಧ ದಿನ.

ಶರ್ಟಿಗೆ 22 ನಿಮಿಷದ ಕೆಲಸ. 42 ಟೈಲರ್‌ಗಳು, ಶೇ 55 ದಕ್ಷತೆ, ಗಂಟೆಗೆ 63 ಪೀಸು. ಹತ್ತು ಜನ ಬರದಿದ್ದರೂ ಬೋರ್ಡಿನ ಮೇಲೆ 63 ಹಾಗೇ ನಿಲ್ಲುತ್ತಿತ್ತು. ಕಡಿಮೆ ಬಿದ್ದರೆ ಫ್ಲೋರ್ ಇನ್‌ಚಾರ್ಜ್ ಎಲ್ಲರೆದುರು ಕೂಗುತ್ತಿದ್ದರು, ಅವರ ಮೇಲೆ ಪ್ರೊಡಕ್ಷನ್ ಮ್ಯಾನೇಜರ್ ಕೂಗುತ್ತಿದ್ದರು. ಕಾಲರ್ ಕೂರಿಸುವವರು ಲೈನಿಗೆ ಇಬ್ಬರೇ, ಒಬ್ಬೊಬ್ಬರು ಗಂಟೆಗೆ 32. ಒಬ್ಬಳನ್ನು ಎರಡು ಗಂಟೆ ಬಿಟ್ಟರೆ 64 ಶರ್ಟು ಹೋದವು ಎಂಬ ಭಯ ಅವನದು. ಆ ಭಯದಲ್ಲಿ ಅರ್ಥವಿದೆ, ಯಾಕೆಂದರೆ ಅವಳ ಜಾಗದಲ್ಲಿ ಕೂರಿಸಲು ಅವನ ಲೈನಿನಲ್ಲಿ ಮೂರನೆಯವಳಿರಲಿಲ್ಲ.

ಏಳನೇ ಲೈನಿನಲ್ಲಿ ಇದ್ದಳು. ಕಾಲರ್, ಕಫ್, ತೋಳು, ಪಕ್ಕದ ಹೊಲಿಗೆ, ಲೈನು ಸಿಕ್ಕಿಕೊಳ್ಳುವ ಈ ನಾಲ್ಕು ಬಿಗಿ ಜಾಗಗಳಿಗೆ ಮೂರು ಮೂರು ಜನ ಕಲಿತಿದ್ದರು. ಬದಲಿಗೆ ಕೂತವಳು ಶೇ 70ರ ವೇಗದಲ್ಲಿ ಹೊಲಿದರೆ ಗಂಟೆಗೆ 22, ನಷ್ಟ 10. ಎರಡು ಗಂಟೆಯ ಪಾಸಿಗೆ 20 ಶರ್ಟು. ಅದೇ ಟೈಲರ್ ನಾಲ್ಕು ದಿನ ಬರದಿದ್ದರೆ ಎಂಟು ಗಂಟೆಯಂತೆ 320 ಶರ್ಟು, ಬದಲಿಯವಳೇ ಇಲ್ಲದಿದ್ದರೆ 1,024. ಈ ಲೆಕ್ಕವನ್ನು ಚೀಟಿಯಲ್ಲಿ ಬರೆದು ತೋರಿಸಿದಾಗ ಪ್ರೊಡಕ್ಷನ್ ಮ್ಯಾನೇಜರ್ ಒಪ್ಪಿದರು. ನಾಯಕತ್ವದ ಬಗ್ಗೆ ಹೇಳಿದ ಯಾವ ಮಾತಿಗೂ ಅವರು ಅಷ್ಟು ಹೊತ್ತು ಕಿವಿ ಕೊಟ್ಟಿರಲಿಲ್ಲ.

ಕೆಲಸದ ಮೇಲೆ ಹಿಡಿತವಿಲ್ಲದ, ಮೇಲಿನವರ ಆಸರೆಯಿಲ್ಲದ ಕಡೆ ಕಾಯಿಲೆಯ ಗೈರು ಹೆಚ್ಚುತ್ತದೆ ಎನ್ನುವುದನ್ನು 1985ರಲ್ಲಿ ಶುರುವಾದ ವೈಟ್‌ಹಾಲ್ ಎರಡನೇ ಅಧ್ಯಯನ ಲಂಡನ್ನಿನ 10,308 ಸರ್ಕಾರಿ ನೌಕರರಲ್ಲಿ ತೋರಿಸಿತು. ಅದನ್ನು ಓದುವವರು ಕೆಳಗಿನ ನೌಕರರನ್ನಷ್ಟೇ ನೆನೆಯುತ್ತಾರೆ. ಈ ಫ್ಲೋರಿನಲ್ಲಿ ಎಲ್ಲರಿಗಿಂತ ಕಡಿಮೆ ಹಿಡಿತವಿದ್ದವನು ಸೂಪರ್‌ವೈಸರ್: ಟಾರ್ಗೆಟ್ ಅವನದಲ್ಲ, ಜನ ಅವನು ಆರಿಸಿದವರಲ್ಲ, ಪಾಸಿಗೆ ಕೊನೆಯ ಸಹಿಯೂ ಇನ್‌ಚಾರ್ಜ್‌ದು.

ಬದಲಿಸಿದ್ದು, ಎಡವಿದ್ದು

ಇಬ್ಬರು ಸೂಪರ್‌ವೈಸರ್‌ಗಳನ್ನು ಅದಲುಬದಲು ಮಾಡೋಣ ಎಂಬ ಸಲಹೆ ಬಂತು. ಕೈಬಿಟ್ಟದ್ದು ಒಳ್ಳೆಯದಾಯಿತು. ಮಾಡಿದ್ದರೆ ಒಳ್ಳೆಯ ಲೈನು ಹಾಳಾಗುತ್ತಿತ್ತು, ಕಾರಣ ಮಾತ್ರ ಇದ್ದಲ್ಲೇ ಉಳಿಯುತ್ತಿತ್ತು.

ಅಕ್ಟೋಬರ್ ಮೊದಲ ವಾರ ಟಾರ್ಗೆಟ್ ಬದಲಾಯಿತು. ಬೆಳಗ್ಗೆ ಒಂಬತ್ತೂವರೆಗೆ ಹಾಜರಿರುವ ಟೈಲರ್‌ಗಳ ಸಂಖ್ಯೆಯ ಮೇಲೆ ಆ ದಿನದ ಟಾರ್ಗೆಟ್ ಬರೆಯುವುದು: 42 ಇದ್ದರೆ 63, 36 ಇದ್ದರೆ 54. ಉಳಿದ ಯಾವ ಬದಲಾವಣೆಯೂ ಇದಿಲ್ಲದೆ ನಿಲ್ಲುತ್ತಿರಲಿಲ್ಲ. ಇದು ಮೊದಲು ಆಗಬೇಕು.

ಎರಡನೆಯದು ಪಾಸ್. ತಿಂಗಳಿಗೆ ಎರಡು ಸಲ, ಎರಡೆರಡು ಗಂಟೆ, ಸೂಪರ್‌ವೈಸರ್ ಸಹಿ ಸಾಕು, ಕಾರಣ ಬರೆಯಬೇಕಿಲ್ಲ, ಅಟೆಂಡೆನ್ಸ್ ಬೋನಸ್ ಕಡಿಯುವಂತಿಲ್ಲ. ಒಂದು ಹೊತ್ತಿಗೆ ಲೈನಿನಿಂದ ಇಬ್ಬರಿಗಿಂತ ಹೆಚ್ಚು ಹೋಗುವಂತಿಲ್ಲ, ಬಿಗಿ ಜಾಗದಿಂದ ಒಬ್ಬಳಿಗಿಂತ ಹೆಚ್ಚಿಲ್ಲ. ಇಲ್ಲ ಎಂದರೆ ಅದನ್ನೂ ಬರೆಯಬೇಕು: ಟೋಕನ್ ನಂಬರು, ಹೊತ್ತು, ಯಾಕೆ ಇಲ್ಲ. ಪುಸ್ತಕದಲ್ಲಿ 'ಇಲ್ಲ' ಬರೆಯಲು ಕೈ ಹಿಂಜರಿಯುತ್ತದೆ, ಬಾಯಲ್ಲಿ ಹೇಳಲು ಹಿಂಜರಿಯುತ್ತಿರಲಿಲ್ಲ.

ಬದಲಿ ಕೈ ತಯಾರು ಮಾಡಲು ಹೆಚ್ಚು ಸಮಯ ಹಿಡಿಯಿತು. ಶನಿವಾರ ಮಧ್ಯಾಹ್ನ 45 ನಿಮಿಷ ಒಂದು ಮೆಷಿನ್ ಬಿಟ್ಟುಕೊಟ್ಟು ಕಾಲರ್ ಕಲಿಸಿದರೆ ಶೇ 70ರ ವೇಗ ಬರಲು ಏಳೆಂಟು ವಾರ ಬೇಕು. ಕಲಿತವರಿಗೆ ತಿಂಗಳಿಗೆ ಸ್ವಲ್ಪ ಹೆಚ್ಚು ಕೊಡುತ್ತೇವೆ ಎಂದು ಹೇಳಿ ಮೊದಲ ತಿಂಗಳು ಕೊಡಲಿಲ್ಲ. ಮೂವರು ಕಲಿಯುವುದನ್ನು ನಿಲ್ಲಿಸಿದರು. ನವೆಂಬರ್ ಸಂಬಳದಲ್ಲಿ ಬಾಕಿ ಸೇರಿಸಿ ಕೊಟ್ಟ ಮೇಲೆ ಇಬ್ಬರು ತಿರುಗಿ ಬಂದರು.

ಟಾಯ್ಲೆಟ್ ಕಾರ್ಡನ್ನು ಒಂದೇ ದಿನದಲ್ಲಿ ತೆಗೆದರು. ತಲೆಗೆ ದಿನಕ್ಕೆ ಎರಡು ಸಲ ಹೆಚ್ಚು, ಆರಾರು ನಿಮಿಷವೆಂದರೂ 480ರಲ್ಲಿ 12 ನಿಮಿಷ, ಶೇ 2.5ರಷ್ಟು ಉತ್ಪಾದನೆ ಹೋಗುತ್ತದೆ ಎಂದು ಐಇ (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ವಿಭಾಗ ಲೆಕ್ಕ ಕೊಟ್ಟಿತ್ತು. ಅಷ್ಟು ಹೋಗಲಿಲ್ಲ. ಬಿಗಿ ಜಾಗಗಳನ್ನು ಬಿಟ್ಟರೆ ಉಳಿದ ಮೆಷಿನ್‌ಗಳ ಮುಂದೆ ಯಾವಾಗಲೂ ಒಂದೆರಡು ಬಂಡಲ್ ಕಾದಿರುತ್ತವೆ, ಎದ್ದು ಹೋದವಳ ಹೊತ್ತನ್ನು ಅವು ನುಂಗಿಕೊಳ್ಳುತ್ತವೆ. ಫಿಟ್‌ನೆಸ್ ಸರ್ಟಿಫಿಕೇಟನ್ನು ಏಳು ದಿನ ಮೀರಿದ ಕಾಯಿಲೆ, ಗಾಯ, ಅಂಟುರೋಗ ಇವಕ್ಕೆ ಮಾತ್ರ ಇಟ್ಟುಕೊಂಡರು. ಇಎಸ್‌ಐ ಭತ್ಯೆ ಪಡೆಯುವವರಿಗೆ ಅಲ್ಲಿನ ಕಾಗದಪತ್ರ ಹೇಗೂ ಬೇಕು, ಅದು ಬೇರೆ ಮಾತು.

ಸೂಪರ್‌ವೈಸರ್ ಫೋನ್ ಮಾಡುವ ಏರ್ಪಾಡು ಚೆನ್ನಾಗಿ ಎಡವಿತು. ಬರದ ದಿನ ಹತ್ತು ಗಂಟೆಯೊಳಗೆ ಫೋನ್ ಮಾಡಿ ವಿಚಾರಿಸುವುದು ಎಂದು ನಿಗದಿಯಾಗಿತ್ತು. ಎಷ್ಟೋ ಮನೆಯಲ್ಲಿ ಫೋನು ಗಂಡನ ಕೈಯಲ್ಲಿರುತ್ತದೆ. ಗಂಡಸು ಸೂಪರ್‌ವೈಸರ್ ಫೋನ್ ಮಾಡಿದ್ದಕ್ಕೆ ಎರಡು ಮನೆಯಲ್ಲಿ ಜಗಳವೇ ಆಯಿತು. ಅವನೋ ಹಾಜರಿ ಕೂಗುವ ದನಿಯಲ್ಲಿ "ಯಾವಾಗ ಬರ್ತೀಯಾ" ಎಂದೇ ಶುರುಮಾಡುತ್ತಿದ್ದ. ಮೂರನೇ ವಾರದಿಂದ ಆ ಕೆಲಸ ಲೈನಿನ ಹಿರಿಯ ಚೆಕರ್‌ಗೆ ಹೋಯಿತು. ಅವಳು ಕೇಳುವುದು ಇಷ್ಟೇ: "ಹೆಂಗಿದೀಯಮ್ಮ? ಡಾಕ್ಟ್ರಿಗೆ ತೋರಿಸ್ದಾ? ನಿನ್ನ ಮೆಷಿನ್‌ಗೆ ಜನ ಹಾಕವ್ರೆ, ಗಾಬರಿ ಬೀಳ್ಬೇಡ." ಬರುವ ದಿನ ಕೇಳುವುದಿಲ್ಲ, ಅವಳೇ ಹೇಳುತ್ತಾಳೆ. ತಿರುಗಿ ಬಂದ ದಿನ ಸೂಪರ್‌ವೈಸರ್ ಐದು ನಿಮಿಷ ಮಾತಾಡುವುದು ಮಾತ್ರ ಉಳಿಯಿತು, ಅದೂ ಲೈನಿನ ನಡುವೆಯಲ್ಲ, ಗುಂಡಿ, ದಾರ ಇಡುವ ಟ್ರಿಮ್ಸ್ ಸ್ಟೋರಿನ ಪಕ್ಕದಲ್ಲಿ. ಮೂರು ದಿನ ಮೀರಿ ಗೈರಾದವರಿಗೆ ಮೊದಲ ಎರಡು ದಿನ ಶೇ 80ರ ಟಾರ್ಗೆಟ್.

ಕೂಗಾಟ? ಕೂಗಬಾರದು ಎಂಬ ಸುತ್ತೋಲೆ ಹೊರಡಿಸಲಿಲ್ಲ, ಹೊರಡಿಸಿದರೂ ಯಾರೂ ಓದುತ್ತಿರಲಿಲ್ಲ. ಗಂಟೆಗಂಟೆಯ ವಿಚಾರಣೆಯನ್ನು ಲೈನಿನ ಮುಂದಿನಿಂದ ಇನ್‌ಚಾರ್ಜ್ ಕ್ಯಾಬಿನ್ನಿಗೆ ಸ್ಥಳಾಂತರಿಸಿದರು, ಅರ್ಧ ಕಡಿಮೆಯಾಯಿತು.

ಮುಂದಿನ ಆರು ತಿಂಗಳು

ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ನಾಲ್ಕನೇ ಲೈನಿನಲ್ಲಿ 152 ಸಲ, 401 ದಿನ: ದರ ಶೇ 4.59, ಸರಾಸರಿ ಉದ್ದ 2.64 ದಿನ. ಏಳನೇ ಲೈನಿನಲ್ಲಿ 133 ಸಲ, 284 ದಿನ: ಶೇ 3.25, ಉದ್ದ 2.14. ರಾಗಿ ಕೊಯ್ಲು ಈ ಅವಧಿಯಲ್ಲೇ ಬರುವುದರಿಂದ ಹಿಂದಿನ ಅರ್ಧ ವರ್ಷದ ಜೊತೆ ನೇರವಾಗಿ ಹೋಲಿಸಬಾರದು. ಆದರೆ ಕೊಯ್ಲು ಎರಡೂ ಲೈನಿಗೆ ಒಂದೇ. ಏಳನೆಯದು ಸ್ವಲ್ಪ ಏರಿದಾಗ ನಾಲ್ಕನೆಯದು ಇಷ್ಟು ಇಳಿದಿದೆ ಎಂದರೆ ಬದಲಾವಣೆಯ ಪಾಲು ಅದರಲ್ಲಿದೆ. ಸಲಗಳು ಕಡಿಮೆಯಾಗಲಿಲ್ಲ ಎನ್ನುವುದನ್ನೂ ಗಮನಿಸಬೇಕು, ನಾಲ್ಕು ಹೆಚ್ಚೇ ಆಗಿವೆ. ಸಲಗಳನ್ನಷ್ಟೇ ನೋಡುವ ಮ್ಯಾನೇಜರ್ ಇದ್ದಿದ್ದರೆ ಪ್ರಯೋಗ ಸೋತಿತು ಎಂದು ಬರೆಯುತ್ತಿದ್ದರು. ಫಿನ್ಲೆಂಡ್‌ನ ಸಂಶೋಧಕರು ಹಲವು ಅಧ್ಯಯನಗಳನ್ನು ಒಟ್ಟು ಮಾಡಿ 2008ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಒಳ್ಳೆಯ ನಾಯಕತ್ವ ಇರುವ ಕಡೆ ಕಾಯಿಲೆ ರಜೆಯ ಸಂಭವ ಸುಮಾರು ಶೇ 27 ಕಡಿಮೆ ಎಂದು ಬಂದಿತ್ತು. ಇಲ್ಲಿನ ಇಳಿಕೆಯನ್ನು ಅದರ ಪಕ್ಕದಲ್ಲಿಟ್ಟು ಹಿಗ್ಗುವುದು ಬೇಡ: ಎರಡು ಲೈನು, 112 ಜನ, ಆರು ತಿಂಗಳು.

ಏಳನೇ ಲೈನಿಗೂ ಒಂದು ಪೆಟ್ಟು ಬಿತ್ತು. ನವೆಂಬರ್‌ನಲ್ಲಿ ಒಬ್ಬಳು ಮದ್ರಾಸ್ ಐ ಬಂದಿದ್ದರೂ ಕೆಲಸಕ್ಕೆ ಬಂದಳು. ಅಕ್ಕನಿಗೆ ತೊಂದರೆಯಾಗಬಾರದು ಅನ್ನುವುದು ಅವಳ ಮನಸ್ಸಿನಲ್ಲಿತ್ತು. ಕತ್ತರಿ, ಬಂಡಲ್ ಕೈಯಿಂದ ಕೈಗೆ ಹೋಗುವ ಕೆಲಸ, ಹತ್ತು ದಿನದಲ್ಲಿ ಹನ್ನೊಂದು ಜನರ ಕಣ್ಣು ಕೆಂಪಾಯಿತು. ಡೆನ್ಮಾರ್ಕ್‌ನ ಅಂಚೆ ನೌಕರರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದೇ ಅಪಾಯವನ್ನು ಹೇಳಿದೆ. ಹುರಿದುಂಬಿಸುವ ನಾಯಕರ ಕೈಕೆಳಗೆ, ಅದರಲ್ಲೂ ಕಾಯಿಲೆಯಿದ್ದರೂ ಕೆಲಸಕ್ಕೆ ಬರುವ ರೂಢಿಯವರಲ್ಲಿ, ಮುಂದೆ ಗೈರು ಹೆಚ್ಚಿತ್ತು. ಆಮೇಲೆ ಏಳನೇ ಲೈನಿನ ಸೂಪರ್‌ವೈಸರ್ ಬೆಳಗಿನ ಮೊದಲ ಹತ್ತು ನಿಮಿಷ ಲೈನಿನುದ್ದಕ್ಕೂ ನಡೆದು ಮುಖ ನೋಡುವುದನ್ನು ರೂಢಿ ಮಾಡಿಕೊಂಡಳು. ಕಣ್ಣು ಕೆಂಪಗಿದ್ದವರು, ಮೈ ಬಿಸಿಯಿದ್ದವರು ನರ್ಸ್ ಹತ್ತಿರ, ಅಲ್ಲಿಂದ ಮನೆಗೆ.

ಸೂಪರ್‌ವೈಸರ್‌ಗಳ ಸಾಧನೆಯನ್ನು ಗೈರಿನ ಸಂಖ್ಯೆಯ ಮೇಲೆ ಅಳೆಯುವುದನ್ನು ಬೇಕೆಂದೇ ಕೈಬಿಡಲಾಯಿತು. ಹಾಗೆ ಅಳೆದರೆ ಜ್ವರ ಬಂದವರನ್ನೂ ಎಳೆದು ತರುತ್ತಾರೆ. ಬದಲಿಗೆ ತಿಂಗಳಿಗೊಮ್ಮೆ ಮೂರು ಅಂಕಿ ನೋಡುತ್ತಾರೆ: ಮೂರು ದಿನ ಮೀರಿದ ಗೈರಿನ ಪಾಲು, ಪುಸ್ತಕದಲ್ಲಿ ಬರೆದ 'ಇಲ್ಲ'ಗಳು, ಬಿಗಿ ಜಾಗಗಳಿಗೆ ಕಲಿತಿರುವ ಕೈಗಳು. ಎರಡನೇ ಅಂಕಿ ಸೊನ್ನೆ ಬಂದ ಲೈನನ್ನು ಹೊಗಳುವ ಮೊದಲು ಗೇಟಿನ ಪುಸ್ತಕವನ್ನು ಪಕ್ಕದಲ್ಲಿಟ್ಟು ನೋಡಬೇಕು. ಪಾಸೂ ಸೊನ್ನೆ, ಇಲ್ಲವೂ ಸೊನ್ನೆ ಎಂದಿದ್ದರೆ ಅಲ್ಲಿ ಕೇಳುವ ಧೈರ್ಯವೇ ಯಾರಿಗೂ ಇಲ್ಲ. ಎರಡನೇ ಲೈನಿನಲ್ಲಿ ಈಗ ಹಾಗೇ ಇದೆ.

ಕೊನೆಗೆ ಉಳಿದದ್ದು ಬೋನಸ್. ಪೂರ್ತಿ ಬಂದವರಿಗೆ 500, ಒಂದು ದಿನ ತಪ್ಪಿದರೆ 350, ಎರಡು ದಿನಕ್ಕೆ 200, ಮೂರಕ್ಕೆ ಇಲ್ಲ ಎಂಬ ಮೆಟ್ಟಿಲು ಮಾಡಿದರೆ ಮೊದಲ ದಿನದ ನಷ್ಟ 950ರಿಂದ 600ಕ್ಕೆ ಇಳಿಯುತ್ತದೆ, ಎರಡನೆಯದು 600 ಆಗುತ್ತದೆ, ಮೂರನೆಯದು 135ರಿಂದ 335ಕ್ಕೆ ಏರುತ್ತದೆ. ಎರಡು ದಿನಕ್ಕೇ ವಾಪಸಾಗಲು ಅಷ್ಟಾದರೂ ಕಾರಣ ಸಿಗುತ್ತದೆ. ತಿಂಗಳಿಗೆ ನೂರು ಜನ ಈ ಮಧ್ಯದ ಮೆಟ್ಟಿಲುಗಳಲ್ಲಿ ನಿಂತರೂ ಹೆಚ್ಚುವರಿ ಖರ್ಚು 20,000ದಿಂದ 35,000 ರೂಪಾಯಿ. ಅಕೌಂಟ್ಸ್ ವಿಭಾಗ ಈ ಪ್ರಸ್ತಾವವನ್ನು ಎರಡು ಸಲ ವಾಪಸ್ ಕಳಿಸಿ, ಮೂರನೇ ಸಲ ನಾಲ್ಕನೇ ಲೈನಿಗೆ ಮಾತ್ರ, ಮೂರು ತಿಂಗಳ ಮಟ್ಟಿಗೆ ಒಪ್ಪಿದೆ. ಒಂದೇ ಲೈನಿಗೆ ಕೊಟ್ಟರೆ ಉಳಿದ ಏಳು ಲೈನಿನವರು ಸುಮ್ಮನಿರುವುದಿಲ್ಲ, ಅದನ್ನು ಬರೆದು ತಿಳಿಸಲಾಗಿದೆ.